ಕಾಮಕ್ಕ ಬೀಸಿದ ಸೀರೆ

ಆ ಫೋಟೋ ತೆಗೆದವಳು ನಾನು. ಅದರ ಕೆಳಗಿನ ಸಾಲು ಬರೆದವಳೂ ನಾನೇ.

ಕಾರವಾರಕ್ಕೆ ದೊಡ್ಡ ನಾಯಕರೊಬ್ಬರು ಬರುವವರಿದ್ದರು. ಮುಖ್ಯರಸ್ತೆಯನ್ನು ಬೆಳಿಗ್ಗೆಯೇ ಬಂದ್ ಮಾಡಿದ್ದರು. ಪತ್ರಿಕೋದ್ಯಮ ಓದುತ್ತಿದ್ದ ನಾನು ಊರಿನ ಪತ್ರಿಕೆಯೊಂದಕ್ಕಾಗಿ ಕ್ಯಾಮೆರಾ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ರಸ್ತೆಯಾಚೆ, ಬ್ಯಾರಿಕೇಡಿಗೆ ಒತ್ತಿ ನಿಂತ ಜನರ ನಡುವೆ ಕಾಮಕ್ಕ ಕಂಡಳು. ಕೊರಳ ತುಂಬ ಮಣಿಸರ, ಎತ್ತಿದ ಕೈಯಲ್ಲಿ ಹಳೆಯದೊಂದು ಹಳದಿ ಸೀರೆ. ಕಡಲ ಗಾಳಿಗೆ ಅದು ಪೂರಾ ಬಿಚ್ಚಿಕೊಂಡಿತ್ತು. ಅವಳು ಏನೋ ಕೂಗುತ್ತಿದ್ದಳು. ನಾನೂ ಕೈಬೀಸಿ ನಕ್ಕೆ. ಆಮೇಲೆ ಫೋಟೋ ತೆಗೆದೆ. 'ನೆಚ್ಚಿನ ನಾಯಕರ ಹಾದಿ ಕಾದ ಹಳ್ಳಿಯ ತಾಯಿ' ಎಂದು ಬರೆದು ಕಳಿಸಿದೆ. ಮರುದಿನ ಮೊದಲ ಪುಟದಲ್ಲಿ ಬಂತು. ಅಪ್ಪ ನಾಲ್ಕು ಪ್ರತಿ ಕೊಂಡು ತಂದರು.

ಕಾಮಕ್ಕ ಅಂಕೋಲೆಯ ಹತ್ತಿರದ ಹಳ್ಳಿಯವಳು. ನಾನು ಹುಟ್ಟುವ ಮೊದಲಿನಿಂದ ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೆ ತರಕಾರಿ ತರುತ್ತಾಳೆ. ಬೈತಖೋಲ ಬಂದರಿನಲ್ಲಿ ಹೊರೆ ಹೊರುತ್ತಿದ್ದ ಗಂಡನ ಬೆನ್ನು ಕೆಟ್ಟ ಮೇಲೆ, ಮಗಳು ಸುನೀತಾಳನ್ನು ಬೆಳೆಸಿದ್ದು ಅವಳ ಹರಿವೆ ಸೊಪ್ಪಿನ ಬುಟ್ಟಿ. ನನಗೆ ಜ್ವರ ಬಂದಾಗಲೆಲ್ಲ ಹಣೆ ಮುಟ್ಟಿ ನೋಡದೆ ಹೋದವಳಲ್ಲ.

ಫೋಟೋ ಬಂದ ಮೇಲೆ ಎರಡು ವಾರ ಅವಳು ಬರಲಿಲ್ಲ. ಖುಷಿಪಡಿಸೋಣವೆಂದು ಫೋಟೋಗೆ ಕಟ್ಟು ಹಾಕಿಸಿ, ನಾನೇ ಬಸ್ಸು ಹತ್ತಿ ಹೋದೆ.

ಅಂಗಳದಲ್ಲೇ ತಡೆದಳು. "ತಂಗೀ, ಅದ್ನ ಒಳಗೆ ತರಬೇಡ."

ಅಂದು ಸುನೀತಾ ಕಾರವಾರದ ಆಸ್ಪತ್ರೆಯಲ್ಲಿ ಹೆರಿಗೆ ನೋವಿನಲ್ಲಿದ್ದಳಂತೆ. ಹುಟ್ಟಿದ ಮಗುವನ್ನು ಮೊದಲು ಸುತ್ತಬೇಕಾದದ್ದು ತಾಯಿಯ ತಾಯಿ ಉಟ್ಟು ಮೆತ್ತಗಾದ ಸೀರೆಯಲ್ಲಿ. ಅದನ್ನು ಒಗೆದು ಮಡಚಿ ತಂದವಳನ್ನು ಬ್ಯಾರಿಕೇಡು ತಡೆದಿತ್ತು. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೀಗತಿ ಸುಕ್ರಿ ಮಗುವನ್ನು ತನ್ನ ಟವೆಲಿನಲ್ಲಿ ಸುತ್ತಿಯಾಗಿತ್ತು. ಮರುದಿನ ಪತ್ರಿಕೆ ಸುಕ್ರಿಯ ಊರಿಗೂ ಹೋಯಿತು.

"ಮಗ್ಳು ನೋವು ತಿಂತಾ ಬಿದ್ದಿತ್ತು, ಅವ್ವಿ ಮಂತ್ರಿಗೆ ಸೀರೆ ಬೀಸ್ತಾ ನಿಂತಿತ್ತು ಅಂದ್ರು. ಬಾಣಂತನಕ್ಕೆ ಕಳಸೂದಿಲ್ಲ ಅಂತ್ರು ಈಗ."

"ಮತ್ತೆ ಯಾಕೆ ಬೀಸಿದ್ದೆ, ಕಾಮಕ್ಕ?"

ಅವಳು ನನ್ನನ್ನೇ ನೋಡಿದಳು. "ನಿನ್ನ ಕಂಡೇ ಬೀಸ್ದೆ. ಕ್ಯಾಮೆರಾದವ್ರ ಮಾತು ಪೊಲೀಸ್ರು ಕೇಳ್ತ್ರು, ದಾಟ್ಸೂಕೆ ಹೇಳ್ತಿ ಅಂದ್ಕಂಡೆ. ನೀ ನಗಾಡ್ದಿ."

ಕಟ್ಟು ಹಾಕಿಸಿದ ಫೋಟೋವನ್ನು ಚೀಲಕ್ಕೆ ಹಾಕಿದೆ. ಅವಳು ಬೇಡವೆಂದರೂ ಅವಳ ಜೊತೆ ಸುಕ್ರಿಯ ಮನೆಗೆ ನಡೆದೆ. ಮೆಟ್ಟಿಲ ಕೆಳಗೆ ನಿಂತು, ನಾಯಕರನ್ನು ನೋಡಲು ಕಾಮಕ್ಕ ಬಂದಿರಲಿಲ್ಲ, ರಸ್ತೆ ದಾಟಿಸು ಎಂದು ನನಗೆ ಸೀರೆ ಬೀಸಿದ್ದು, ಕೇಳದೆ ಬರೆದವಳು ನಾನು, ಎಂದು ಹೇಳಿದೆ.

ಸುಕ್ರಿ ಎಲೆಯಡಿಕೆ ಉಗಿದು ಬಂದಳು. "ಇಷ್ಟು ಓದೀಯಲೇ, ಬರ್ಯೂಕೆ ಮುಂಚೆ ಒಂದ್ ಮಾತು ಕೇಳೂಕೆ ಬಾಯಿ ಇತ್ತಿಲ್ಲ ನಿಂಗೆ?"

ಅವಳು ಕಾಮಕ್ಕನ ಕಡೆ ತಿರುಗಿದಳು. "ನೀನಾದ್ರೂ ಬಾಯಿಬಿಟ್ಟು ಹೇಳೂಕಾಗಿತ್ತಿಲ್ವೆ?"

"ಪೇಪರ್‌ನಲ್ಲಿ ಬಂದದ್ದಲೇ. ನನ್ನ ಮಾತು ಯಾರು ನಂಬ್ತ್ರು?" ಅಂದಳು ಕಾಮಕ್ಕ.

ಸುನೀತಾ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಿದ್ದಳು. "ಅವ್ವಿ, ಅವತ್ತು ಎಷ್ಟು ಹೊತ್ತು ನಿಂತಿದ್ದೆ?"

"ಮೂರು ತಾಸು."

ಸುನೀತಾ ಅತ್ತೆಯ ಮುಖ ನೋಡಿದಳು. ಸುಕ್ರಿ ಕಾಮಕ್ಕನನ್ನು, "ಸೀರೆ ತಂದೀಯಾ?" ಎಂದು ಕೇಳಿದಳು.

ಕಾಮಕ್ಕ ಬಗಲಿನ ಗಂಟು ಬಿಚ್ಚಿದಳು. ದಿನವೂ ಒಗೆದಿದ್ದಳೋ ಏನೋ, ಹಳದಿ ಇನ್ನಷ್ಟು ಮಾಸಿತ್ತು. ಮಗುವನ್ನು ಸುತ್ತುವಾಗ ಮೂವರೂ ಅದರ ಮೇಲೆ ಬಾಗಿದರು. ನಾನು ಅಂಗಳದಲ್ಲೇ ನಿಂತಿದ್ದೆ. ಯಾರೂ ನನ್ನನ್ನು ಮೇಲೆ ಕರೆಯಲಿಲ್ಲ.