ಮೆಣಸಿನಕಾಯಿ ಚೀಲದ ಭಾರ

ಫೋಟೋ ತೆಗೆಯುವವನು ಮೊದಲು ಎದುರಿನವರ ಮುಖ ನೋಡುತ್ತಾನೆಂದು ನೀವು ನಂಬಿರಬಹುದು. ನಾನು ನೋಡುವುದು ದೀಪದ ಸ್ಟ್ಯಾಂಡಿನ ಕಾಲನ್ನು. ಬುದ್ಧಿವಂತಿಕೆ ಎಂದುಕೊಳ್ಳಬೇಡಿ, ಶುದ್ಧ ಭಯ. ಬ್ಯಾಡಗಿಯ ಒಂದು ತೊಟ್ಟಿಲ ಕಾರ್ಯಕ್ರಮದಲ್ಲಿ ಅಂಟಿಕೊಂಡದ್ದು.

ಕೂಸಿನ ಮೇಲೆ ನೆತ್ತಿಯ ಕಡೆಯಿಂದ ಮೆತ್ತಗೆ ಬೆಳಕು ಬೀಳಬೇಕೆಂಬುದು ನನ್ನ ಶೋಕಿ. ಅದಕ್ಕೆ ಸ್ಟ್ಯಾಂಡಿನ ತಲೆಗೆ ಬೂಮ್ ಎಂಬ ಉದ್ದ ಕೋಲನ್ನು ಅಡ್ಡ ಬಿಗಿದು, ಒಂದು ತುದಿಗೆ ದೀಪ, ಇನ್ನೊಂದಕ್ಕೆ ಭಾರ ಕಟ್ಟಬೇಕು. ಹಿಂದಿನವರು ಬಾವಿಯ ಏತಕ್ಕೆ ಕಲ್ಲು ಕಟ್ಟುತ್ತಿದ್ದ ಹಾಗೆಯೇ. ಅವರು ಕಲ್ಲು ಮರೆಯುತ್ತಿರಲಿಲ್ಲ. ನಾನು ಮರಳಿನ ಚೀಲವನ್ನು ರಾಣೆಬೆನ್ನೂರಿನ ಸ್ಟುಡಿಯೋದಲ್ಲೇ ಬಿಟ್ಟು ಬಂದಿದ್ದೆ.

ಮನೆಯ ಯಜಮಾನರು ಮೆಣಸಿನಕಾಯಿ ವ್ಯಾಪಾರಿ. “ಚೀಲಕ್ಕೇನ್ ಬರ ಐತ್ರಿ ನಮ್ಮಲ್ಲಿ?” ಎಂದು ಒಣಮೆಣಸಿನಕಾಯಿ ತುಂಬಿದ ಚೀಲವೊಂದನ್ನು ತಾವೇ ತಂದುಕೊಟ್ಟರು. ಗಾತ್ರ ನೋಡಿ ಮರುಳಾಗಿ ನಾನು ಅದನ್ನೇ ಕೋಲಿನ ತುದಿಗೆ ಕಟ್ಟಿದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ತೂಕ ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎಷ್ಟು ತೂಕ ಬೇಕೆಂದು ನಾನೇ ಹೇಳಿರಲಿಲ್ಲ.

ಹೆಂಗಸರು ಜೋಗುಳ ಎತ್ತಿಕೊಂಡರು. ದೀಪ ಒಂದು ಬೆರಳಿನಷ್ಟು ಇಳಿದಂತೆ ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಇನ್ನೊಂದು ಬೆರಳು ಇಳಿಯಿತು. ಜಮಖಾನದ ಮೇಲಿದ್ದ ಸ್ಟ್ಯಾಂಡಿನ ಹಿಂದಿನ ಕಾಲು ನೆಲ ಬಿಟ್ಟಿತ್ತು. ಓಡಿಹೋಗಿ ಕೋಲಿನ ಬಾಲಕ್ಕೆ ಜೋತುಬಿದ್ದೆ. ಪಕ್ಕಕ್ಕೆ ತಿರುಗಿಸೋಣವೆಂದರೆ ಸುತ್ತಲೂ ಕುಳಿತವರ ತಲೆಗಳು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ನಾನು ‘ದೊಡ್ಡ ಫೋಟೋಗ್ರಾಫರ್’. ಹಾಡು ಮುಗಿಯಲಿ ಎಂದು ಹಲ್ಲು ಕಚ್ಚಿ ನಿಂತೆ. ಜೋಗುಳಕ್ಕೆ ಇಷ್ಟೊಂದು ನುಡಿಗಳಿವೆ ಎಂದು ಅಂದೇ ಗೊತ್ತಾದದ್ದು. ಅಂಗೈ ಬೆವರಿತು. ಕೋಲು ಜಾರತೊಡಗಿತು. ಕೆಳಗೆ ಕೂಸು ದೀಪವನ್ನೇ ಪಿಳಿಪಿಳಿ ನೋಡುತ್ತಿತ್ತು.

“ಆಯೀ, ಕೂಸನ್ನ ಎತ್ಕೋರಿ! ಲಗೂ!” ಎಂದು ಕಿರುಚಿದೆ.

ತೊಟ್ಟಿಲ ಪಕ್ಕದಲ್ಲಿದ್ದ ಅಜ್ಜಿ ಕೂಸನ್ನು ಬಾಚಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ಕೋಲು ನನ್ನ ಕೈ ತಪ್ಪಿತು. ಸ್ಟ್ಯಾಂಡು ಸಮೇತ ದೀಪ ಖಾಲಿ ತೊಟ್ಟಿಲಿಗೆ ಬಿತ್ತು. ಬಿದ್ದದ್ದು ದಿಂಬಿನ ಮೇಲೆ.

“ಯಾವಾಗ ಗೊತ್ತಾತೋ ತಮ್ಮಾ ನಿನಗ?” ಎಂದರು ಅಜ್ಜಿ.

“ಹಾಡು ಸುರು ಆದಾಗ್ರಿ.”

“ಮತ್ತ ಇಷ್ಟೊತ್ತನಕ ಯಾಕ ಬಾಯಿ ಮುಚ್ಕೊಂಡ ನಿಂತಿದ್ದಿ?”

ನಾನು ಬಗ್ಗಿ ದಿಂಬಿನ ಮೇಲಿನ ದೀಪವನ್ನು ಎತ್ತಿಕೊಂಡೆ.

ಈಗ ಸ್ಟ್ಯಾಂಡಿನ ಉದ್ದ ಕಾಲನ್ನು ದೀಪದ ಕಡೆಗೇ ಚಾಚುತ್ತೇನೆ, ಮರಳನ್ನು ತೂಗಿಯೇ ತುಂಬುತ್ತೇನೆ, ಕೂಸುಗಳ ನೆತ್ತಿಯ ಮೇಲೆ ಏನನ್ನೂ ತೂಗುಬಿಡುವುದಿಲ್ಲ. ಅನುಮಾನ ಬಂದರೆ ನಾಚಿಕೆ ಬಿಟ್ಟು ಕೂಗುತ್ತೇನೆ. ಮೊನ್ನೆ ಹಾವೇರಿಯ ಮದುವೆಯೊಂದರಲ್ಲಿ ಅಕ್ಷತೆ ಬೀಳುವ ಹೊತ್ತಿಗೇ “ದೂರ ಸರೀರಿ, ಸರೀರಿ!” ಎಂದು ಕೂಗಿ, ವಧೂವರರನ್ನೂ ಎಬ್ಬಿಸಿಬಿಟ್ಟೆ. ಹೋಗಿ ನೋಡಿದರೆ ಸ್ಟ್ಯಾಂಡು ಗಟ್ಟಿಯಾಗಿಯೇ ನಿಂತಿತ್ತು. ಇಡೀ ಮಂಟಪ ನನ್ನನ್ನು ನೋಡಿ ನಕ್ಕಿತು. ಯಾರಿಗೂ ಏನೂ ಆಗಿಲ್ಲ ತಾನೇ ಎಂದು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ನಗುತ್ತಿದ್ದರು, ಒಬ್ಬರೂ ಬಿಡದೆ.