ಅವ್ವನ ಹಾಡಿನ ಎರಡನೇ ಸಾಲು

‘ಚುಕ್ಕಿ ಬಂತು ತೊಟ್ಟಿಲಿಗೆ, ಚಂದ್ರ ಎಲ್ಲಿ ಉಳಿದಾನ.’ ಉಳಿದಾನ ಎಂದಿತ್ತೋ, ಅಡಗ್ಯಾನ ಎಂದಿತ್ತೋ? ಅವ್ವ ನನ್ನನ್ನು ಮಲಗಿಸುವಾಗ ಹಾಡುತ್ತಿದ್ದ ಹಾಡು, ಗೆಳೆಯರೇ. ನೆನಪಿರುವುದು ಈ ಮೊದಲ ಸಾಲೊಂದೇ. ಚಂದ್ರ ಕೊನೆಗೆ ಬಂದನೋ ಇಲ್ಲವೋ ಎಂದು ಕೇಳಲು ಈಗ ಅವ್ವ ಇಲ್ಲ.

ಇವತ್ತು ಬೆಳಿಗ್ಗೆ ಫೋನಿನಲ್ಲಿರುವ ಎಐಯನ್ನು ಕೇಳಿದೆ. ಕ್ಷಣದಲ್ಲಿ ಹನ್ನೆರಡು ಸಾಲು ಕೊಟ್ಟಿತು. ಓದುತ್ತಾ ಕಣ್ಣು ತುಂಬಿತು. ಹೈದರಾಬಾದಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಹಾಕಿದೆ. ದಿಲ್‌ಸುಖ್‌ನಗರದ ಹಿರಿಯರೊಬ್ಬರು ಕೂಡಲೇ ಬರೆದರು: ‘ನಮ್ಮಜ್ಜಿ ಇದನ್ನ ಹಾಡ್ತಿದ್ಲರಿ, ಒಂದಕ್ಷರ ತಪ್ಪಿಲ್ಲ.’ ಮೆಹದಿಪಟ್ಟಣಂನವರೊಬ್ಬರು, ‘ಅರೆ, ಇದು ಪಕ್ಕಾ ನಮ್ಮ ಬೀದರ ಕಡೀ ಹಾಡು’ ಎಂದು ಜಗಳ ತೆಗೆದರು.

ಮಧ್ಯಾಹ್ನ ಆಸೆ ತಡೆಯದೆ ಎಐಯನ್ನು ಮತ್ತೊಮ್ಮೆ ಕೇಳಿದೆ. ಈ ಸಲ ಬೇರೆಯೇ ಹಾಡು ಬಂತು. ಮೊದಲಿನದರಲ್ಲಿ ಚಂದ್ರ ಬಂದಿದ್ದ, ಇದರಲ್ಲಿ ಬರಲೇ ಇಲ್ಲ. ಯಾವುದು ನಿಜ ಎಂದರೆ, ‘ಕ್ಷಮಿಸಿ, ಎರಡನ್ನೂ ನಾನೇ ರಚಿಸಿದ್ದು’ ಎಂದಿತು. ಗುಂಪಿಗೆ ತಿಳಿಸಿದೆ. ದಿಲ್‌ಸುಖ್‌ನಗರದವರು ಜಗ್ಗಲಿಲ್ಲ. ‘ಹಂಗಾರ ಆ ಮಷೀನು ನಮ್ಮಜ್ಜೀದು ಕದ್ದೈತಿ!’

ಸಂಜೆ ಪಕ್ಕದ ಮನೆಯ ಶಾಂತಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದರು. ಬಾಗಿಲಲ್ಲೇ ಎಲ್ಲ ಹೇಳಿಕೊಂಡೆ. ‘ಅವ್ವ ಮುಂದಿನ ಸಾಲು ಹಾಡಲೇ ಇಲ್ಲವೇನೋ, ಅಕ್ಕಾ’ ಎಂದೆ.

ಅವರು ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕರು. ‘ನಿಮ್ಮವ್ವ ಪೂರಾ ಹಾಡಿರ್ತಾಳ ತಂಗಿ. ನೀನ ಮೊದಲನೇ ಸಾಲಿಗೇ ನಿದ್ದಿ ಹೋಗಿರ್ತಿ.’