ಕಂಪ್ಯೂಟರಿನಲ್ಲಿ ನನ್ನ ಹರಿದ ಕಿವಿ

"ಈ ಅಜ್ಜಿ ಬಲಗಿವಿ ಹರಿದಿದೆಯಲ್ಲಮ್ಮ, ಸರಿ ಮಾಡು" ಅಂತ ಮೊಮ್ಮಗಳ ಕಂಪ್ಯೂಟರಿಂದ ಯಾವನೋ ಗಂಡಸು ಹೇಳಿದ. ಪಕ್ಕದಲ್ಲೇ ಅವರೆಕಾಯಿ ಬಿಡಿಸ್ತಿದ್ದ ನಾನು ತಟ್ಟನೆ ತಲೆ ಎತ್ತಿದೆ. ಭಾರದ ಓಲೆ ಹಾಕಿ ಹಾಕಿ ಹರಿದ ನನ್ನ ಕಿವಿ ಇವನಿಗೆ ಹೇಗೆ ಗೊತ್ತು? ಎದ್ದು ನೋಡಿದರೆ, ಮಣ್ಣಿನ ಗೊಂಬೆ ಹಾಗೆ ನನ್ನದೇ ತಲೆ ಅದರೊಳಗೆ ಸುತ್ತ ತಿರುಗ್ತಿದೆ!

"ಏಯ್, ನನ್ನ ಯಾರಿಗೆ ತೋರಿಸ್ತಿದೀಯೇ?" ಅಂತ ಸೆರಗನ್ನ ಕಿವಿ ಮೇಲೆ ಎಳಕೊಂಡೆ. ಕಂಪ್ಯೂಟರಿನಲ್ಲಿ ತ್ರೀ-ಡಿ ಗೊಂಬೆ ಮಾಡೋದು ಕಲಿಸೋ ಮೇಷ್ಟ್ರಂತೆ ಅವರು. ಕಿವಿ ಹೀಗೇ ಬಿಟ್ಟರೆ, ಗೊಂಬೆ ಮಾಡುವಾಗ ಮೊಮ್ಮಗಳೇ ತಪ್ಪು ಮಾಡಿದಾಳೆ ಅಂತ ನೋಡಿದವರು ಅಂದ್ಕೋತಾರೆ ಅಂತ ಎಚ್ಚರಿಸಿದರು.

"ಅಂದ್ಕೊಳ್ಳಲಿ ಬಿಡಿ ಸಾರ್. ನಮ್ಮಜ್ಜಿ ಕಿವಿ ಇರೋದೇ ಹಾಗೆ, ನಾನು ಬದಲಾಯಿಸಲ್ಲ" ಅಂದಳು ಮೊಮ್ಮಗಳು.

ಆ ಮೇಷ್ಟ್ರು ಕಂಪ್ಯೂಟರೊಳಗಿಂದ ನನ್ನನ್ನೇ ನೋಡ್ತಿರ್ತಾರೇನೋ ಅಂತ ನನಗೆ ಇವತ್ತಿಗೂ ಅನುಮಾನವೇ. ಆದರೆ ವಿಜಯನಗರ ಮಾರ್ಕೆಟ್ಟಿಗೆ ಹೋಗುವಾಗ ಆ ಕಿವಿ ಮುಚ್ಚಿಕೊಳ್ಳೋದು ಬಿಟ್ಟಿದೀನಿ.